ನಾಯಿ ತಿಂಡಿಗೆ ಗಾಮಾ ಕಿರಣ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತಿದ್ದೆವು. ಹೊರದೇಶದಲ್ಲಿ ನಾಯಿ, ಬೆಕ್ಕಿನ ತಿಂಡಿಗೆ ವಿಕಿರಣ ಹಾಯಿಸ್ತಾರೆ ಅಂತ ಶರಣು ಸುದ್ದಿ ತೆಗೆದ.

"ಯಪ್ಪಾ, ನಾಯಿಗೆ ಅಣುಬಾಂಬ್ ತಿನಿಸ್ತಾರಾ?" ಅಂದ ಮಹೇಶ.

"ಲೇ, ನಿನ್ನ ಕಾಲಿನ ಎಕ್ಸ್‌ರೇ ತೆಗೆಸಿದ ಮೇಲೆ ನಿನ್ನ ಹೆಂಡತಿ ದೂರ ಮಲಗಿದಳಾ?" ಅಂದ ಶರಣು.

"ಮಲಗಿದಳು. ಅದಕ್ಕೆ ಕಾರಣ ಗೊರಕೆ."

ವಿಷಯ ಇಷ್ಟೇ. ಕೋಬಾಲ್ಟ್-60 ಅನ್ನೋ ವಿಕಿರಣ ಸೂಸುವ ಲೋಹದ ಗಾಮಾ ಕಿರಣ ಮುಚ್ಚಿದ ಚೀಲದೊಳಗೂ ಹಾದುಹೋಗಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾದ ಡಿಎನ್‌ಎ ಮುರಿದು ಅದನ್ನ ಕೊಲ್ಲುತ್ತದೆ, ಆದರೆ ತಿಂಡಿಯೊಳಗೆ ವಿಕಿರಣ ಉಳಿಯೋದಿಲ್ಲ. ಸಾಲ್ಮೊನೆಲ್ಲಾ ಭಾಳ ಕಳ್ಳ. ನಾಯಿ ಆರಾಮಾಗಿ ಬಾಲ ಅಲ್ಲಾಡಿಸುತ್ತಿರುತ್ತದೆ, ಅದರ ಬಟ್ಟಲು ಮುಟ್ಟಿದ ಕೂಸಿಗೆ ಭೇದಿ ಶುರುವಾಗುತ್ತದೆ. ಅದಕ್ಕೇ 2001ರಲ್ಲಿ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಸಂಸ್ಥೆ ಎಫ್‌ಡಿಎ ಸಾಕುಪ್ರಾಣಿ ಆಹಾರಕ್ಕೆ 50 ಕಿಲೋಗ್ರೇ (ಹಾಯಿಸಿದ ಕಿರಣ ಅಳೆಯೋ ಮಾನ) ತನಕ ಒಪ್ಪಿಗೆ ಕೊಟ್ಟಿತು. ನಮ್ಮಲ್ಲೇನು ಕಡಿಮೆ? ನಾಸಿಕ್ ಕಡೆ ಲಾಸಲಗಾಂವ್‌ನಲ್ಲಿ ಉಳ್ಳಾಗಡ್ಡಿ ಮೊಳಕೆ ಒಡೀಬಾರದು ಅಂತ ಇದೇ ಕಿರಣ ಬಿಡ್ತಾರೆ, ಆದರೆ ಅಲ್ಲಿ ಪ್ರಮಾಣ ತೀರಾ ಸಣ್ಣದು.

ಮನೆಯಲ್ಲಿ ಬೆಕ್ಕು ಸಾಕಿರುವ ರಫೀಕ್ ಇಲ್ಲಿಯವರೆಗೆ ಸುಮ್ನೆ ಕೂತಿದ್ದ.

"ಆಸ್ಟ್ರೇಲಿಯಾದ ಕಥೆ ಯಾರು ಹೇಳ್ತೀರಿ?"

ಅದೂ ಖರೇ. 2008ರ ಸುಮಾರಿಗೆ ಅಲ್ಲಿ ಹೊರಗಿನಿಂದ ತರಿಸಿದ, ಜಾಸ್ತಿ ಪ್ರಮಾಣದ ಕಿರಣ ಹಾಯಿಸಿದ ತಿಂಡಿ ತಿಂದ ಎಷ್ಟೋ ಬೆಕ್ಕುಗಳ ಹಿಂಗಾಲು ಸೋತವು. ಅದೇ ರೀತಿ ಕಿರಣ ಹಾಯಿಸಿದ್ದು ತಿಂದ ನಾಯಿಗಳಿಗೆ ಹಾಗಾಗಲಿಲ್ಲ. 2009ರಲ್ಲಿ ಬೆಕ್ಕಿನ ತಿಂಡಿಗೆ ಕಿರಣ ಹಾಯಿಸೋದನ್ನೇ ಆ ಸರ್ಕಾರ ನಿಲ್ಲಿಸಿತು. ಪ್ರಮಾಣ ಏರಿದರೆ ಎ ವಿಟಮಿನ್ ಕೂಡ ಹಾಳಾಗುತ್ತದೆ. ಹಾಗಾಗಿ ಕಿರಣ ಹಾಯಿಸಿದರಾ ಅಂತ ಕೇಳಿದರೆ ಸಾಲದು, ಎಷ್ಟು ಹಾಯಿಸಿದರು, ಯಾವ ಪ್ರಾಣಿಗೆ ಅಂತಲೂ ಕೇಳಬೇಕು. ಇದರಲ್ಲಿ ನಾನು ರಫೀಕ್ ಕಡೆ.

"ಅಷ್ಟೆಲ್ಲಾ ಯಾಕೆ? ಮೇ ತಿಂಗಳಲ್ಲಿ ಚೀಲ ಮಾಳಿಗೆ ಮೇಲಿಟ್ಟರೆ ನಮ್ಮ ಬಿಸಿಲೇ ಎಲ್ಲಾ ಕೊಲ್ಲುತ್ತೆ," ಅಂದ ಮಹೇಶ.

"ಸಾಲ್ಮೊನೆಲ್ಲಾ ಸಾಯುತ್ತೋ ಇಲ್ವೋ, ಚೀಲದೊಳಗಿನ ಜಿಡ್ಡು ಮಾತ್ರ ಕಮಟು ಹಿಡಿಯುತ್ತೆ. ಮತ್ತೆ ಕಿರಣ ಹಾಯಿಸಿದ ಚೀಲವಾದರೂ ಬಾಯಿ ಬಿಚ್ಚಿದ ಮೇಲೆ ಯಾರ ಗ್ಯಾರಂಟಿ? ನೀನು ಮಿರ್ಚಿ ಭಜಿ ತಿಂದ ಕೈಯನ್ನೇ ಒಳಗೆ ಹಾಕ್ತೀ," ಅಂದ ಶರಣು.

"ನಮ್ಮ ಟಾಮಿ ಚೀಲದ ತಿಂಡಿ ಮೂಸಿಯೂ ನೋಡಲ್ಲ ಮಾರಾಯ, ಅದಕ್ಕೆ ಜೋಳದ ರೊಟ್ಟಿನೇ ಬೇಕು."

"ಮತ್ತೆ ಇಷ್ಟೊತ್ತು ಯಾಕೆ ವಾದ ಮಾಡಿದಿ?"

"ಮಾತು ಮುಗಿಯೋದರೊಳಗೆ ಯಾರಾದರೂ ಚಹಾ ದುಡ್ಡು ಕೊಡ್ತೀರಿ ಅಂತ."