ಪದಚರ್ಚೆ: ‘ನಿರುಪದ್ರವಿ ಅರ್ಬುದ’ಕ್ಕೆ ಬೇರೆ ಪದ ಬೇಕು (ತುರ್ತು)

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಎರಡು ಪದ ಬೇಕು. ಭಾನುವಾರ ನಮ್ಮಲ್ಲಿ ಮೆದುಳಿನ ಗಡ್ಡೆಗಳ ಬಗ್ಗೆ ಮಾಹಿತಿ ಶಿಬಿರ ಇದೆ. ಕರಪತ್ರದ ಒಂದು ಮಗ್ಗುಲು ಮಲಯಾಳ, ಇನ್ನೊಂದು ಕನ್ನಡ. ಕನ್ನಡದ್ದು ನನ್ನ ಪಾಲಿಗೆ ಬಂದಿದೆ.

ಕೈಗೆ ಬಂದ ಕರಡಿನಲ್ಲಿ ಇಂಗ್ಲಿಷಿನ ‘ಬಿನೈನ್ ಟ್ಯೂಮರ್’ಗೆ ‘ನಿರುಪದ್ರವಿ ಅರ್ಬುದ’ ಎಂದಿದೆ. ಮಲಯಾಳದ ಮಗ್ಗುಲಲ್ಲಿ ‘ಅರ್ಬುದಮಲ್ಲಾತ್ತ ಮುೞ’ ಎಂದಿದೆ, ಅಂದರೆ ಅರ್ಬುದ ಅಲ್ಲದ ಗಡ್ಡೆ. ಅವರಿಗೆ ಅರ್ಬುದ ಎಂದರೆ ಕ್ಯಾನ್ಸರ್. ಹಾಳೆ ತಿರುವಿದರೆ ಅದೇ ಕಾಯಿಲೆ ಕನ್ನಡದಲ್ಲಿ ಅರ್ಬುದ! ಕಾಸರಗೋಡಿನಲ್ಲಿ ಎರಡೂ ಮಗ್ಗುಲು ಓದುವವರು ಜಾಸ್ತಿ. ಅವರು ಯಾವುದನ್ನು ನಂಬಬೇಕು?

ಇದು ಸುಮ್ನೆ ಎತ್ತಿದ ತಕರಾರಲ್ಲ. ಮೂರು ವರ್ಷದ ಹಿಂದೆ ನನ್ನ ದೊಡ್ಡಮ್ಮನಿಗೆ ಮೆನಿಂಜಿಯೋಮ ಎಂದು ಗೊತ್ತಾಯಿತು. ಯಾರೋ ಒಬ್ಬರು ಚೀಟಿಯಲ್ಲಿ ಅರ್ಬುದ ಎಂದು ಬರೆದುಕೊಟ್ಟರು. ಎರಡು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ತೋಟ ಯಾರಿಗೆ ಎಂದು ಮಾತಾಡತೊಡಗಿದರು. ಇದು ಕ್ಯಾನ್ಸರ್ ಅಲ್ಲ, ಮೆದುಳಿನ ಪೊರೆಯಲ್ಲಿ ನಿಧಾನವಾಗಿ ಬೆಳೆಯುವ ಗಡ್ಡೆ ಎಂದು ಬಿಡಿಸಿ ಹೇಳಿದ ಮೇಲೆಯೇ ಸಮಾಧಾನವಾದದ್ದು.

‘ನಿರುಪದ್ರವಿ’ಯೂ ಸರಿಯಿಲ್ಲ. ತಲೆಬುರುಡೆಯೊಳಗೆ ಹೆಚ್ಚಿನ ಜಾಗ ಎಲ್ಲಿದೆ? ಬೇರೆ ಕಡೆಗೆ ಹರಡದ ಗಡ್ಡೆಯೂ ಕಣ್ಣಿನ ನರವನ್ನು ಒತ್ತಿದರೆ ದೃಷ್ಟಿ ಹೋಗುತ್ತದೆ. ಫಿಟ್ಸ್ ಬರಬಹುದು.

ಎರಡನೆಯದು, ‘ಟಾರ್ಗೆಟೆಡ್ ಥೆರಪಿ’ಗೆ ಕರಡಿನಲ್ಲಿರುವ ‘ಉದ್ದೇಶಿತ ಚಿಕಿತ್ಸೆ’. ಯಾವ ಚಿಕಿತ್ಸೆಗೆ ಉದ್ದೇಶ ಇಲ್ಲ? ಹೇಳಬೇಕಾದದ್ದು ಇಷ್ಟು. ಸುಮಾರು ಅರ್ಧದಷ್ಟು ಮೆನಿಂಜಿಯೋಮಗಳಲ್ಲಿ 22ನೇ ಕ್ರೋಮೋಸೋಮಿನ ಎನ್‌ಎಫ್2 ಎಂಬ ಜೀನ್ ಕೆಟ್ಟಿರುತ್ತದೆ. ಕೋಶಗಳು ಬೇಕಾಬಿಟ್ಟಿ ಬೆಳೆಯದಂತೆ ತಡೆಯುವ ಮೆರ್ಲಿನ್ ಎಂಬ ಪ್ರೋಟೀನನ್ನು ಮಾಡಿಸುವುದು ಆ ಜೀನ್. ಇನ್ನು ಕೆಲವದರಲ್ಲಿ ಎಕೆಟಿ1 ಅಥವಾ ಎಸ್‌ಎಂಒ ಎಂಬ ಜೀನ್ ಬದಲಾಗಿರುತ್ತದೆ. ಕೆಟ್ಟ ಜಾಗ ಯಾವುದೆಂದು ನೋಡಿ ಅಲ್ಲಿಗೇ ತಾಗುವ ಔಷಧ ಕೊಡುವ ಯೋಚನೆ ಇದು. ಮೆನಿಂಜಿಯೋಮಕ್ಕೆ ಇದಿನ್ನೂ ಪ್ರಯೋಗದಲ್ಲಿದೆ. ಆದರೆ ಪ್ಯಾಪಿಲರಿ ಕ್ರೇನಿಯೋಫ್ಯಾರಿಂಜಿಯೋಮ ಎಂಬ ಅಪರೂಪದ ಗಡ್ಡೆಯಲ್ಲಿ ಫಲ ಕಂಡಿದೆ. ಅದರಲ್ಲಿ ಹೆಚ್ಚಾಗಿ ಬಿ-ರಾಫ್ ಜೀನ್ ಬದಲಾಗಿರುತ್ತದೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವೆಮುರಾಫೆನಿಬ್, ಕೋಬಿಮೆಟಿನಿಬ್ ಎರಡನ್ನೂ ಒಟ್ಟಿಗೆ ಕೊಟ್ಟಾಗ 16 ಜನರಲ್ಲಿ 15 ಜನರ ಗಡ್ಡೆ ಚೆನ್ನಾಗಿ ಕುಗ್ಗಿತು.

ಇದಕ್ಕೆ ‘ಗುರಿಚಿಕಿತ್ಸೆ’ ಆಗಬಹುದೇ?

ಮಂಜೇಶ್ವರದಿಂದ:

‘ಗುರಿಚಿಕಿತ್ಸೆ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು. ನಡೆಯುವುದಿಲ್ಲ.

ಮೊದಲನೆಯದಕ್ಕೆ ಪದ ಹುಡುಕುವುದೇ ಬೇಡ, ಅರ್ಬುದ ಇದೆ. ಸುಶ್ರುತದಲ್ಲಿ ಅದರ ಲಕ್ಷಣ ನೋಡಿ. ದುಂಡಗಿರುತ್ತದೆ, ಅಲುಗುವುದಿಲ್ಲ, ನೋವು ಕಡಿಮೆ, ಬೇರು ದೊಡ್ಡದು, ನಿಧಾನವಾಗಿ ಬೆಳೆಯುತ್ತದೆ, ಕೀವಾಗುವುದಿಲ್ಲ. ನಿಮ್ಮ ದೊಡ್ಡಮ್ಮನಿಗೆ ಬಂದದ್ದಕ್ಕೆ ಇದಕ್ಕಿಂತ ಹತ್ತಿರದ ಪದ ಯಾವುದು? ಪಕ್ಕದ ಭಾಷೆಯಲ್ಲಿ ಅರ್ಥ ಜರುಗಿತೆಂದು ನಮ್ಮ ಪದ ಬಿಡುವುದು ಯಾವ ನ್ಯಾಯ?

ಕೆಲವರು ‘ಗಂತಿ’ ಎನ್ನುತ್ತಾರೆ. ಅದೂ ಬೇಡ. ‘ಪಿಟ್ಯುಟರಿ ಗ್ರಂಥಿಯ ಗಂತಿ’ ಎಂದು ಬರೆದು ನೋಡಿ, ತತ್ಸಮವೂ ತದ್ಭವವೂ ಬೇರೆ ಬೇರೆ ಅರ್ಥ ಹೊತ್ತು ಅಕ್ಕಪಕ್ಕ ಕೂರುತ್ತವೆ.

ಹೊಸೂರಿನಿಂದ:

ಮೇಷ್ಟ್ರೇ, ಸುಶ್ರುತದ ಮಾತು ಒಪ್ಪಿದೆ. ಆದರೆ ಬಸ್ಸಿಳಿದು ಶಿಬಿರಕ್ಕೆ ಬರುವ ಅಮ್ಮ ಅದನ್ನು ಓದಿರುವುದಿಲ್ಲ. ಅವರು ಆಸ್ಪತ್ರೆಯ ಬೋರ್ಡು ಓದಿರುತ್ತಾರೆ.

ನಮ್ಮ ಕಡೆ ತಮಿಳಿನಲ್ಲಿ ಕ್ಯಾನ್ಸರಿಗೆ ಪುಟ್ರುನೋಯ್ ಎನ್ನುತ್ತಾರೆ. ಆ ಪುಟ್ರು ನಮ್ಮ ಹುತ್ತವೇ. ಗಡ್ಡೆಗೆ ಕಟ್ಟಿ ಎನ್ನುತ್ತಾರೆ. ಎರಡಕ್ಕೂ ಎರಡು ಪದ, ರೋಗಿಗೆ ಗೊಂದಲವಿಲ್ಲ. ಕನ್ನಡದಲ್ಲಿ ಅರ್ಬುದವನ್ನು ಎರಡಕ್ಕೂ ಎಳೆದಾಡಿದ್ದೇವೆ. ಗಡ್ಡೆ ಅಚ್ಚಗನ್ನಡ, ಪತ್ರಿಕೆಗಳಲ್ಲೂ ಇದೆ, ಮನೆಮಾತಿನಲ್ಲೂ ಇದೆ. ಅದನ್ನೇ ಬಳಸಿ. ಕ್ಯಾನ್ಸರನ್ನು ಕ್ಯಾನ್ಸರ್ ಎಂದೇ ಬರೆಯಿರಿ.

ಎರವಲು ಎಂದರೆ ಯಾಕಿಷ್ಟು ಅಂಜಿಕೆ? ಮೆನಿಂಜಿಯೋಮ ಎಂಬ ಹೆಸರನ್ನು 1922ರಲ್ಲಿ ಹಾರ್ವಿ ಕುಶಿಂಗ್ ಕಟ್ಟಿದ್ದು ಪೊರೆ ಎಂಬ ಅರ್ಥದ ಗ್ರೀಕ್ ಪದದಿಂದ. ಮೆದುಳಿನ ಹೊರಪೊರೆ ‘ಡ್ಯೂರಾ ಮೇಟರ್’, ಅಂದರೆ ಲ್ಯಾಟಿನ್ನಿನಲ್ಲಿ ಗಟ್ಟಿ ತಾಯಿ. ಪೊರೆಯನ್ನು ತಾಯಿ ಎನ್ನುವುದು ಅರಬ್ಬಿಯಿಂದ ಅನುವಾದವಾಗಿ ಬಂದ ಮಾತು. ಲ್ಯಾಟಿನ್ನಿನವರು ತೆಗೆದುಕೊಂಡರು, ಭಾಷೆ ಕೆಡಲಿಲ್ಲ.

ಚಿಕಿತ್ಸೆಗೆ ‘ಗುರಿಮದ್ದು’ ಎನ್ನಿ. ಎರಡೂ ಕನ್ನಡ, ಅರಿಸಮಾಸದ ಜಗಳವೂ ಇಲ್ಲ.

ಮಂಜೇಶ್ವರದಿಂದ:

ಗುರಿಮದ್ದು ಒಪ್ಪಿದೆ. ಉಳಿದದ್ದು ಇಲ್ಲ. ಇಲ್ಲದ್ದನ್ನು ತರುವುದು ಬೇರೆ, ಇದ್ದದ್ದನ್ನು ಬಿಸಾಡುವುದು ಬೇರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಇಲ್ಲಿ ಕಚೇರಿಯಲ್ಲಿ, ಬಸ್ಸಿನ ಫಲಕದಲ್ಲಿ, ರೇಷನ್ ಅಂಗಡಿಯಲ್ಲಿ ಒಂದೊಂದೇ ಪದ ಬಿಟ್ಟುಕೊಟ್ಟಿದ್ದೇವೆ. ಹೊಸೂರಿನಲ್ಲಿ ಇರುವ ನಿಮಗೂ ಇದು ಗೊತ್ತಿರಬೇಕು.

ಬದಿಯಡ್ಕದಿಂದ:

ಮಾಷ್ಟ್ರೇ, ನಿಮ್ಮ ಸಂಕಟ ನನ್ನದೂ ಹೌದು. ಕಚೇರಿಯ ಫಲಕದ ವಿಷಯವಾದರೆ ನಿಮ್ಮ ಜೊತೆ ನಿಲ್ಲುತ್ತೇನೆ. ಆದರೆ ಈ ಹಾಳೆ ಹೆದರಿದವರ ಕೈಗೆ ಹೋಗುವಂಥದ್ದು. ಇದರಲ್ಲಿ ಅರ್ಬುದ ಹಾಕಲು ನನ್ನಿಂದಾಗದು.

‘ಕ್ಯಾನ್ಸರ್ ಅಲ್ಲದ ಮೆದುಳಿನ ಗಡ್ಡೆ’ ಎಂದು ಬರೆದಿದ್ದೆ. ಓದಿದರೆ ಮೆದುಳೇ ಕ್ಯಾನ್ಸರ್ ಅಲ್ಲ ಎಂದ ಹಾಗೆ ಕೇಳುತ್ತದೆ. ಹಾಗಾಗಿ ತಲೆಬರಹ ಹೀಗೆ: ‘ಮೆದುಳಿನಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ’. ಕೆಳಗೆ ಒಂದು ಸಾಲು: ‘ಇದು ಬೇರೆ ಕಡೆಗೆ ಹರಡುವುದಿಲ್ಲ. ಆದರೂ ತೋರಿಸದೆ ಇರಬೇಡಿ.’ ಚಿಕಿತ್ಸೆಯ ಭಾಗದಲ್ಲಿ ಗುರಿಮದ್ದು.

ಇನ್ನು ಮ್ಯುಟೇಶನ್ ಒಂದು ಉಳಿಯಿತು. ‘ರೂಪಾಂತರ’ ಎಂದರೆ ಕೋವಿಡ್ ವೈರಸ್ ನೆನಪಾಗುತ್ತದೆ. ‘ಜೀನಿನಲ್ಲಿ ಆದ ಬದಲಾವಣೆ’ ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ಬೆಳಿಗ್ಗೆ 10ರೊಳಗೆ ತಿಳಿಸಿ. ಆಮೇಲೆ ಪ್ರೆಸ್ಸಿಗೆ ಹೋಗುತ್ತದೆ.