ಪೈಪಿನೊಳಗಿನ ಕರಿಗೆ ಏನಂತೀರಿ?

ನಮಸ್ಕಾರ. ವಿರಾಜಪೇಟೆ ಹತ್ತಿರದ ತೋಟದ ಮನೆಯಿಂದ ಒಂದು ಪದದ ತಕರಾರು. ನಮ್ಮ ಮಾವನವರು ಹೊಗೆಸೊಪ್ಪಿನ ಪೈಪ್ ಸೇದುತ್ತಾರೆ. ಅದನ್ನು ಚೊಕ್ಕ ಮಾಡುವ ಕ್ರಮವನ್ನು ಮನೆಯಲ್ಲಿ ಕೆಲಸಕ್ಕಿರುವ ಹುಡುಗನಿಗೆ ಕನ್ನಡದಲ್ಲಿ ಬರೆದುಕೊಡಲು ಕೂತೆ. ಮೊದಲ ಸಾಲಿನಲ್ಲೇ ತೊಡಕು. ಸುಮ್ನೆ ‘ಪೈಪ್ ಕ್ಲೀನ್’ ಅಂದರೆ ಇಲ್ಲಿ ಎಲ್ಲರಿಗೂ ನೆನಪಾಗುವುದು ಕಾಫಿಗೆ ನೀರು ಹೊಡೆಯುವ ಸ್ಪ್ರಿಂಕ್ಲರ್ ಪೈಪು. ‘ಚಿಲುಮೆ’ ಅನ್ನೋಣ ಅಂದರೆ ಕಣ್ಣಿಗೆ ಬರುವುದು ಮಣ್ಣಿನದು. ಇದು ಬ್ರಯರ್ ಗಿಡದ ಬೇರುಗಂಟಿನಲ್ಲಿ ಕೊರೆದದ್ದು. ‘ಹೊಗೆಕೊಳವೆ’ ಬಚ್ಚಲೊಲೆಗೆ ಸರಿ. ಕೊನೆಗೆ ‘ಸೇದುವ ಪೈಪ್’ ಅಂತ ಬರೆದೆ. ಅದಿರಲಿ.

ನಿಜವಾದ ಪೇಚು ಒಳಗಿನ ಕರಿಯದ್ದು. ಅದರಲ್ಲಿ ಎರಡು ಬಗೆ. ಹೊಗೆಸೊಪ್ಪು ತುಂಬುವ ಬಟ್ಟಲಿನ ಒಳಗೋಡೆಗೆ ಒಣಗಿ ಕಚ್ಚಿಕೊಳ್ಳುವುದು ಒಂದು. ಇದನ್ನು ಪೂರ್ತಿ ತೆಗೆಯಬಾರದು. 1ರಿಂದ 1.5 ಮಿಲಿಮೀಟರ್ ದಪ್ಪ ಉಳಿಸಿದರೆ ಬೆಂಕಿ ನೇರ ಮರಕ್ಕೆ ತಾಗುವುದಿಲ್ಲ. ಜಾಸ್ತಿ ಬೆಳೆಯಲು ಬಿಟ್ಟರೆ ಬಿಸಿಗೆ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಇನ್ನೊಂದು ಕೊಳವೆಯೊಳಗಿನ ಜಿಗುಟು. ಇದನ್ನು ಒಂದಿಷ್ಟೂ ಬಿಡಬಾರದು. ಪೈಪ್ ಪೂರ್ತಿ ಆರಿದ ಮೇಲೆ ಬಾಯಿಕೊಳವೆ ಬಿಚ್ಚಬೇಕು. ಬಿಸಿಯಲ್ಲಿ ತಿರುಚಿದರೆ ಕೂಡು ಮುರಿಯುತ್ತದೆ. ಹತ್ತಿ ಸುತ್ತಿದ ತಂತಿಯನ್ನು ರಮ್ಮಿನಲ್ಲಿ ಅದ್ದಿ ತೂರಿಸಿದರೆ ಮೊದಲನೆಯದು ಕಪ್ಪಗೆ, ಘಾಟು ಹೊಡೆಯುತ್ತಾ ಹೊರಬರುತ್ತದೆ. ಬೆಳ್ಳಗೆ ಬರುವ ತನಕ ತಂತಿ ಬದಲಿಸುತ್ತಿರಬೇಕು. (ರಮ್ಮು ಪೈಪಿಗೆ ಮಾತ್ರ ಅಂತ ಬೇರೆ ಬರೆಯಬೇಕಾಯಿತು.) ಎರಡಕ್ಕೂ ‘ಮಸಿ’ ಅಂತ ಬರೆದರೆ ಹುಡುಗ ಎರಡನ್ನೂ ಉಜ್ಜಿ ತೆಗೆಯುತ್ತಾನೆ, ಅಲ್ವಾ?

ಜಿಗುಟಿಗೆ ‘ಕಿಟ್ಟ’ ಒಪ್ಪುತ್ತದೆ ಅನ್ನಿಸುತ್ತದೆ. ಎಣ್ಣೆದೀಪದಲ್ಲಿ ಕಟ್ಟುವುದನ್ನು ಹಾಗೇ ಅನ್ನುತ್ತೇವೆ. ಒಣ ಪದರಕ್ಕೆ? ‘ಕರಕಲು’ ಅಂದರೆ ಸೀದು ಕೆಟ್ಟದ್ದು. ಇದು ಬೇಕಾದ ಕರಿ. ಅದನ್ನು ಕೂರಿಸುವ ಕೆಲಸಕ್ಕೆ ಮಾತು ಸಿಕ್ಕಿದೆ: ದೋಸೆ ಹಂಚಿನ ಹಾಗೆ ಹೊಸ ಪೈಪನ್ನೂ ಪಳಗಿಸಬೇಕು. ಆದರೆ ಪಳಗಿದ ಹಂಚಿನ ಮೇಲಿನ ಆ ಪದರಕ್ಕೆ ನಿಮ್ಮ ಮನೆಗಳಲ್ಲಿ ಹೆಸರಿದೆಯಾ?

ಕೆರೆಯುವುದೋ ಹೆರೆಯುವುದೋ ಅನ್ನುವುದೂ ಇತ್ಯರ್ಥ ಆಗಿಲ್ಲ. ನನ್ನ ಕಿವಿಗೆ ‘ಕೆರೆ’ ಒರಟು. ತೆಳ್ಳಗೆ, ಅಳತೆ ನೋಡಿ ತೆಗೆಯುವುದಕ್ಕೆ ‘ಹೆರೆ’ಯೇ ಮೇಲು. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಒದ್ದೆ ಪೈಪ್ ಮುಚ್ಚಿಟ್ಟರೆ ಹಿಡಿಯುವ ಬೂಷ್ಟಿಗೆ ಮಾತ್ರ ನಮ್ಮಲ್ಲಿ ಪದದ ಬರ ಇಲ್ಲ.

ಪಿರಿಯಾಪಟ್ಟಣ, ಹುಣಸೂರು ಕಡೆಯವರು ಇದ್ದರೆ ಇದನ್ನೂ ಹೇಳಿ: ಹೊಗೆಸೊಪ್ಪಿನ ಎಲೆ ಮುರಿಯುವಾಗ ಕೈಗೆ ಅಂಟುವ ಕಪ್ಪು ಜಿಗುಟಿಗೆ ಹೊಲದಲ್ಲಿ ಏನಂತಾರೆ? ‘ಕಿಟ್ಟ’ಕ್ಕಿಂತ ಅದೇ ಹೊಂದಬಹುದು.