‘ಫುಲ್ ಫೈಬರ್’ಗೆ ಕನ್ನಡದಲ್ಲಿ ಏನನ್ನೋಣ? ತಂತಿ, ತಂತು, ನಾರು, ಎಳೆ

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ, ಜೊತೆಗೆ ಒಂದು ಕ್ರಿಯಾಪದದ ಮೇಲೆ ಅನುಮಾನವೂ ಇದೆ. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಫೋನ್, ಇಂಟರ್ನೆಟ್ಟಿನ ಹಳೆಯ ತಾಮ್ರದ ಲೈನುಗಳಿಂದ ಎಲ್ಲರನ್ನೂ ‘ಫುಲ್ ಫೈಬರ್’ಗೆ, ಅಂದರೆ ತೆಳು ಗಾಜಿನೊಳಗೆ ಬೆಳಕು ಹಾಯಿಸುವ ಲೈನಿಗೆ, ದಾಟಿಸುವ ಕೆಲಸ ನಡೆದಿದೆ. ಒಂದು ಟೆಲಿಫೋನ್ ಎಕ್ಸ್‌ಚೇಂಜಿನ ವ್ಯಾಪ್ತಿಯಲ್ಲಿ ನೂರಕ್ಕೆ 75 ಮನೆಗಳಿಗೆ ಫುಲ್ ಫೈಬರ್ ಸಿಗುವಂತಾಯಿತೆಂದರೆ, ಅದು ಸಿಗುವ ಮನೆಗಳಿಗೆ ತಾಮ್ರದ ಹೊಸ ಸಂಪರ್ಕ ಮಾರುವುದನ್ನು ಇಲ್ಲಿನ ಲೈನುಗಳನ್ನು ನೋಡಿಕೊಳ್ಳುವ ಓಪನ್‌ರೀಚ್ ಕಂಪನಿ ನಿಲ್ಲಿಸುತ್ತಾ ಬಂದಿದೆ. ಹಳೆಯ ಟೆಲಿಫೋನ್ ಜಾಲಕ್ಕೂ ಗಡುವು ಬಿದ್ದಿದೆ: ಮೊದಲು 2025ರ ಡಿಸೆಂಬರ್ ಎಂದಿದ್ದು ಆಮೇಲೆ 2027ರ ಜನವರಿ ಕೊನೆಗೆ ಹೋಯಿತು. ಹೀಗಾಗಿ ಮನೆಮನೆಗೂ ಫೋನ್ ಕಂಪನಿಯ ಕಾಗದ. ಎಷ್ಟೋ ವರ್ಷಗಳಿಂದ ಒಂದೇ ಲ್ಯಾಂಡ್‌ಲೈನ್ ನಂಬರ್ ಇಟ್ಟುಕೊಂಡಿರುವ ಇಲ್ಲಿನ ನಮ್ಮ ಕೆಲವು ಹಿರಿಯರಿಗೆ ಆ ಕಾಗದದ ಸಾರವನ್ನು ಒಂದು ಪುಟದಲ್ಲಿ ಕನ್ನಡ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡೆ. ಶೀರ್ಷಿಕೆ ಬರೆಯುವಾಗಲೇ ಸಿಕ್ಕಿಬಿದ್ದೆ.

ಕರಡನ್ನು ಮೊದಲು ಓದಿದ್ದು ತಿಪಟೂರಿನಿಂದ ಬಂದಿರುವ ನಮ್ಮ ಅತ್ತೆ. “ಅಲ್ಲ ಕಣಮ್ಮ, ಇಷ್ಟು ದಿನ ಫೈಬರ್ ಫೈಬರ್ ಅಂತಾನೇ ದುಡ್ಡು ಇಸ್ಕೊಂಡ್ರಲ್ಲ. ಈಗ ಫುಲ್ ಫೈಬರ್ ಅಂದ್ರೆ, ಅದು ಏನಾಗಿತ್ತು?” ಅಂದರು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಇಲ್ಲಿ ಅನೇಕ ವರ್ಷ ‘ಫೈಬರ್’ ಎಂದು ಮಾರಿದ್ದರಲ್ಲಿ ಬಹುಪಾಲು ಬೀದಿ ಬದಿಯ ಹಸಿರು ಪೆಟ್ಟಿಗೆಯವರೆಗೆ ಮಾತ್ರ ಫೈಬರ್. ಅಲ್ಲಿಂದ ಮನೆಗೆ ಅದೇ ಹಳೆಯ ತಾಮ್ರ. ಪೆಟ್ಟಿಗೆ ದೂರವಾದಷ್ಟೂ ವೇಗ ಕಡಿಮೆ. ಹೀಗೆ ಕರೆಯುವುದು ಜಾಹೀರಾತಿನಲ್ಲಿ ದಾರಿ ತಪ್ಪಿಸಿದಂತೇನೂ ಅಲ್ಲ ಎಂದು ಇಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ 2017ರಲ್ಲಿ ಹೇಳಿತು. ಜನರಿಗೆ ಆ ಪದ ವೇಗದ ಇಂಟರ್ನೆಟ್ಟಿಗೆ ಹಚ್ಚಿದ ಮತ್ತೊಂದು ಹೆಸರು, ಅಷ್ಟೇ ಎಂಬ ವಾದ. ಸಿಟಿಫೈಬರ್ ಎಂಬ ಕಂಪನಿ ಇದರ ವಿರುದ್ಧ ಕೋರ್ಟಿಗೆ ಹೋಗಿ 2019ರಲ್ಲಿ ಸೋತಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ಇಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಹೊಸ ಮಾರ್ಗಸೂಚಿ ಹೊರಡಿಸಿತು: ಎಕ್ಸ್‌ಚೇಂಜಿನಿಂದ ಮನೆವರೆಗೂ ಫೈಬರ್ ಇದ್ದರೆ ಮಾತ್ರ, ಗ್ರಾಹಕರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೊಡುವ ವಿವರಗಳಲ್ಲಿ ‘ಫೈಬರ್’ ಎನ್ನಬಹುದು. 2024ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಒಂದು ಪದದ ಅರ್ಥಕ್ಕೆ ಇಷ್ಟು ವರ್ಷ ಹಿಡಿಯಿತು. ನಮ್ಮ ನಿಘಂಟು ಸಮಿತಿಗಳನ್ನು ಇನ್ನು ಬೈಯಬಾರದು.

ಈಗ ಕನ್ನಡಕ್ಕೆ ಬರೋಣ. ‘ಫುಲ್ ಫೈಬರ್’ ಅಂತ ಹಾಗೇ ಇಟ್ಟರೆ ಏನಾಗುತ್ತದೆ? ನಮ್ಮ ಮಾತಿನಲ್ಲಿ ಫುಲ್ ಅಂದರೆ ‘ಪೂರ್ತಿ’ ಅನ್ನುವುದಕ್ಕಿಂತ ‘ಸಿಕ್ಕಾಪಟ್ಟೆ’ ಅನ್ನುವ ಕಡೆಗೇ ವಾಲುತ್ತದೆ: ಫುಲ್ ಖುಷಿ, ಫುಲ್ ಜೋರು, ಫುಲ್ ರಶ್. ‘ಫುಲ್ ಮೀಲ್ಸ್’ ಒಂದೇ ಹತ್ತಿರ ಬರುತ್ತದೆ. ಆ ಬೋರ್ಡು ಕಂಡರೆ ಪಕ್ಕದಲ್ಲೇ ‘ಪ್ಲೇಟ್ ಮೀಲ್ಸ್’ ಕೂಡ ಇದೆ ಅಂತ ಅರ್ಥವಾಗುತ್ತದೆ. ಅತ್ತೆ ಸೂಚಿಸಿದ್ದು ‘ಗಟ್ಟಿ ಫೈಬರ್’, ನೀರು ಬೆರೆಸದ ಗಟ್ಟಿ ಹಾಲು ಇದ್ದ ಹಾಗೆ. ಅರ್ಥಕ್ಕೆ ಚೊಕ್ಕವಾಗಿ ಕೂರುತ್ತದೆ, ಆದರೆ ಓದಿದವರು ದಪ್ಪ ಕೇಬಲ್ ಹುಡುಕುತ್ತಾರೆ. ‘ಮನೆತನಕ ಫೈಬರ್’ ನನಗೆ ಇಷ್ಟವಾಯಿತು. ಎಲ್ಲಿಯವರೆಗೆ ಅಂತ ಅದರಲ್ಲೇ ಇದೆ. ಒಂದೇ ತೊಡಕು, ಅವಸರದಲ್ಲಿ ಓದಿದರೆ ಯಾರದೋ ದೊಡ್ಡ ಮನೆತನಕ್ಕೆ ಸೇರಿದ ಫೈಬರ್ ಅನ್ನಿಸಬಹುದು.

ಫೈಬರ್ ಅನ್ನುವುದಕ್ಕೇ ಏನು? ನಾರು ಅಂದರೆ ತಿಪಟೂರಿನವರಿಗೆ ತೆಂಗಿನ ಮಟ್ಟೆ, ಡಾಕ್ಟರಿಗೆ ಸೊಪ್ಪು ತರಕಾರಿ. ‘ಪೂರ್ಣ ನಾರಿನ ಸಂಪರ್ಕ’ ಅಂತ ಬರೆದು ನೋಡಿದೆ, ಮಲಬದ್ಧತೆಯ ಔಷಧದ ಜಾಹೀರಾತಿನಂತಿತ್ತು. ಮೇಲಾಗಿ ‘ನಾರುತ್ತದೆ’ ಅನ್ನುವ ಕ್ರಿಯಾಪದ ಬೇರೆ ಪಕ್ಕದಲ್ಲೇ ಕಾದು ಕೂತಿದೆ. ಬಿಟ್ಟೆ.

ಪಠ್ಯಪುಸ್ತಕದ್ದು ‘ದ್ಯುತಿತಂತು’. ತಂತು ಎಲ್ಲರ ಕಿವಿಗೆ ಬಿದ್ದ ಪದವೇ, ಮದುವೆ ಮನೆಯ ‘ಮಾಂಗಲ್ಯಂ ತಂತುನಾನೇನ’ದಲ್ಲಿ. ಅಲ್ಲಿ ಅದು ದಾರ. ಆದರೆ ವೈರ್‌ಲೆಸ್‌ಗೆ ನಾವೇ ‘ನಿಸ್ತಂತು’ ಮಾಡಿಕೊಂಡಿದ್ದೇವೆ. ಅಲ್ಲಿ ತಂತು ಅಂದರೆ ತಂತಿ. ಹಾಗಾದರೆ ಮನೆಯೊಳಗೆ ತಂತು ಬಂದು ಸೇರುವ ವೈಫೈ ಪೆಟ್ಟಿಗೆಯಿಂದಲೇ ನಿಸ್ತಂತು ಹೊರಡುತ್ತದೆ ಅಂತ ಬರೆಯಬೇಕು! ತಂತಿ, ತಂತು ಎರಡೂ ಸಂಸ್ಕೃತದ ಒಂದೇ ಧಾತುವಿನವು, ‘ತನ್’, ಅಂದರೆ ಎಳೆ, ಚಾಚು. ಅಕ್ಕತಂಗಿಯರಲ್ಲಿ ಒಬ್ಬಳಿಗೆ ಲೋಹ, ಇನ್ನೊಬ್ಬಳಿಗೆ ಗಾಜು ಅಂತ ಹಂಚಿಕೊಟ್ಟರೆ ಬಳಕೆ ಒಪ್ಪೀತೇ?

ವಸ್ತುವಿನ ಹೆಸರು ಸೇವೆಗೆ ಅಂಟುವುದು ನಮಗೆ ಹೊಸದಲ್ಲ, ಅದನ್ನೂ ಹೇಳಬೇಕು. ‘ತಂತಿ ಬಂತು’ ಅಂದರೆ ಯಾರೂ ವೈರಿನ ಸುರುಳಿ ಬಂತು ಅಂದುಕೊಳ್ಳುತ್ತಿರಲಿಲ್ಲ, ಮನೆಯವರ ಎದೆ ಧಸಕ್ಕೆನ್ನುತ್ತಿತ್ತು. 2013ರ ಜುಲೈನಲ್ಲಿ ಭಾರತದಲ್ಲಿ ಆ ಸೇವೆ ನಿಂತಿತು. ‘ಫೈಬರ್ ಹಾಕಿಸಿದೆವು’ ಅನ್ನುವುದು ಅದೇ ಜಾಡಿನದು, ಹಾಗಾಗಿ ಫೈಬರ್ ಪದವನ್ನು ನಾನು ಓಡಿಸಲು ಹೊರಟಿಲ್ಲ. ಶೀರ್ಷಿಕೆಯಲ್ಲಿ ಅದೇ ಇರಲಿ. ನನಗೆ ಬೇಕಿರುವುದು ಅದನ್ನು ವಿವರಿಸುವ ಪದ. ಯಾಕೆ ಅಂದರೆ ಪುಟದಲ್ಲಿ ಅತಿ ಮುಖ್ಯವಾದ ಸಾಲು ವೇಗದ್ದಲ್ಲ, ಕರೆಂಟಿನದು. ತಾಮ್ರದ ಲೈನಿನಲ್ಲಿ ಎಕ್ಸ್‌ಚೇಂಜಿನಿಂದಲೇ ಸುಮಾರು 50 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಹಳೆಯ ಫೋನಿಗೆ ಜೀವ ಇರುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಕರೆಂಟ್ ಹೋದರೆ ಮನೆಯೊಳಗಿನ ಪೆಟ್ಟಿಗೆ ಆರುತ್ತದೆ, ಫೋನೂ ಹೋಗುತ್ತದೆ. ಬ್ಯಾಟರಿ ಕೇಳಿ ಪಡೆಯಬೇಕು. ಒತ್ತಿದರೆ ಫೋನ್ ಲೈನಿನ ಮೂಲಕ ಸಹಾಯ ಕರೆಯುವ ತುರ್ತು ಗುಂಡಿಯನ್ನು ಕುತ್ತಿಗೆಗೆ ಹಾಕಿಕೊಂಡಿರುವವರು ಕಂಪನಿಗೆ ಮೊದಲೇ ತಿಳಿಸಬೇಕು.

ಕನ್ನಡದಲ್ಲಿ ‘ತಂತಿ’ ಅಂದ ಕೂಡಲೇ ಒಳಗೆ ಕರೆಂಟ್ ಇದೆ ಅನ್ನುವ ಭಾವ ಬರುತ್ತದೆ. “ತಂತಿ ಮುಟ್ಟಬೇಡ” ಅಂತಲೇ ಬೆಳೆದವರು ನಾವು. ಹೊಸದನ್ನೂ ತಂತಿ ಅಂದರೆ ಹಿರಿಯರು ಎಡವುವುದು ಅಲ್ಲೇ. ನಮ್ಮ ಮನೆಗೆ ಲೈನ್ ಹಾಕಲು ಬಂದ ಹುಡುಗ ಮಿಕ್ಕ ತುಂಡುಗಳನ್ನು ಮೆಟ್ಟಿಲ ಕೆಳಗೆ ಬಿಟ್ಟಿದ್ದ. ಅತ್ತೆ ಹಳೆಯದರ ಕಿತ್ತಳೆ ಬಣ್ಣದ ಸಿಪ್ಪೆಯನ್ನು ಉಗುರಿನಲ್ಲಿ ಸುಲಿದು, ಒಳಗಿನ ಹೊಳಪು ನೋಡಿ, “ಇದು ನಮ್ಮ ಚೆಂಬಿನ ತಾಮ್ರಾನೇ” ಅಂದರು. ಹೊಸದಕ್ಕೆ ಕೈ ಹಾಕುವಷ್ಟರಲ್ಲಿ ಅವನು ಬೇಡ ಬೇಡ ಅಂತ ತಡೆದ, ತುದಿ ಬೆರಳಿಗೆ ಚುಚ್ಚಿದರೆ ಕಣ್ಣಿಗೆ ಕಾಣುವುದೂ ಇಲ್ಲವಂತೆ. “ಹಂಗಾದ್ರೆ ಇದು ಗಾಜಿನ ಎಳೆ” ಅಂದರು. ‘ಗಾಜಿನೆಳೆ’. ಗಾಜಿನಲ್ಲಿ ಕರೆಂಟ್ ಹರಿಯುತ್ತದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ನನ್ನ ಮನಸ್ಸು ಸದ್ಯಕ್ಕೆ ಇದರ ಮೇಲೇ ನಿಂತಿದೆ.

ಇನ್ನು ಕ್ರಿಯಾಪದ. ಕಂಪನಿಯ ಕಾಗದದ ಧಾಟಿಯನ್ನು ಹಾಗೇ ಕನ್ನಡಕ್ಕೆ ತಂದರೆ ‘ಬದಲಾಯಿಸಿಕೊಳ್ಳಿ’ ಅಂತಾಗುತ್ತದೆ. ಆ ‘ಕೊಳ್ಳು’ ಬಂದರೆ ಕೆಲಸ ನಮ್ಮ ಇಷ್ಟದ್ದು, ಲಾಭವೂ ನಮ್ಮದೇ ಅನ್ನುವಂತಿರುತ್ತದೆ: ನೋಡಿಕೊಳ್ಳಿ, ಹಾಕಿಕೊಳ್ಳಿ, ಮಾಡಿಕೊಳ್ಳಿ. ಇಲ್ಲಿ ಇಷ್ಟದ ಪ್ರಶ್ನೆಯೇ ಇಲ್ಲ, ಇವತ್ತಲ್ಲ ನಾಳೆ ಹಳೆಯದು ಹೋಗಲೇಬೇಕು. ‘ಬದಲಾಯಿಸಲಾಗುವುದು’ ಅಂದರೆ ಸರ್ಕಾರಿ ನೋಟಿಸು, ಮಾಡುವವರು ಯಾರು ಅಂತಲೇ ಗೊತ್ತಾಗುವುದಿಲ್ಲ. ‘ಬದಲಾಯಿಸುತ್ತಾರೆ’ ಅಂತ ನೇರವಾಗಿ ಬರೆದರೆ ಹಿರಿಯರು ಕಾಯುತ್ತಾ ಕೂತುಬಿಡುತ್ತಾರೋ ಅನ್ನುವ ಭಯ. ‘ಬದಲಾಯಿಸಬೇಕಾಗಿ ಬರುತ್ತದೆ’ ಅಂತ ಹಾಕಿದ್ದೇನೆ. ಉದ್ದವಾಯಿತೇ?

ಕೇಳಬೇಕಾದದ್ದು ಇಷ್ಟು. ಊರಿನಲ್ಲಿ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನನ್ನು ಫೈಬರಿಗೆ ಬದಲಿಸಿಕೊಂಡವರು ಅದನ್ನು ಮನೆಯಲ್ಲಿ ಏನಂತ ಕರೆಯುತ್ತಾರೆ? ಪತ್ರಿಕೆಗಳ ‘ಓಎಫ್‌ಸಿ ಕೇಬಲ್’ ಬೇಡ, ಅಜ್ಜಿಯರ ಬಾಯಿಮಾತು ಬೇಕು. ‘ಗಾಜಿನೆಳೆ’ಯನ್ನು ಈ ಅರ್ಥದಲ್ಲಿ ಯಾರಾದರೂ ಮೊದಲೇ ಬಳಸಿದ್ದನ್ನು ಕಂಡಿದ್ದೀರಾ? ಧಾರವಾಡ, ಮಂಗಳೂರು ಕಡೆಯವರು ‘ಮನೆತನಕ’ವನ್ನು ತಪ್ಪಾಗಿ ಓದುತ್ತೀರಾ? ಪುಟ ಶನಿವಾರ ಅಚ್ಚಿಗೆ ಹೋಗಬೇಕು, ಶುಕ್ರವಾರ ರಾತ್ರಿಯೊಳಗೆ ಹೇಳಿದರೆ ತಿದ್ದುತ್ತೇನೆ.